ಸಾಧು ಗಂಟು

ಡಾಕ್ಟರ್ ಎಸೆನ್‌ಬೆಕ್ ಬಾಗಿಲನ್ನು ಅರ್ಧ ತೆರೆದು, “ಉಮ್ಸುನಾಯ್ ಕಡೆಯವರು ಬನ್ನಿ” ಎಂದಾಗ ಜಿಪಾರ್ ಎದ್ದು ನಿಂತಳು. ಅವಳ ಅಕ್ಕ ಉಮ್ಸುನಾಯ್ ಕುಳಿತೇ ಇದ್ದಳು. ಕಾಯಿಲೆಯವಳು ಹೊರಗೆ, ಕಾಯಿಲೆಯಿಲ್ಲದವಳು ಒಳಗೆ. ಅದು ಅಲ್ಲಿ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಆಸ್ಪತ್ರೆಯ ಆ ಉದ್ದನೆಯ ಹಾದಿಯಲ್ಲಿ ಬೆಂಚುಗಳ ಮೇಲೆ ಕೂತಿದ್ದ ಹೆಂಗಸರೆಲ್ಲ ತಂತಮ್ಮ ಗಂಡನನ್ನೋ ತಮ್ಮನನ್ನೋ ಸೊಸೆಯನ್ನೋ ಒಳಗೆ ಕಳಿಸಿ, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಮೈಯ ಸುದ್ದಿಯನ್ನು ಬೇರೆಯವರು ಕೇಳಿಕೊಂಡು ಬರಲೆಂದು ಕಾಯುತ್ತಿದ್ದರು. “ಹೋಗಿ ಕೇಳ್ಕೊಂಡು ಬಾರೇ. ಔಷಧಿ ಅಂಗಡಿಯವಳು ನೀನು, ಡಾಕ್ಟರ್ ಮಾತಾಡೋ ಲ್ಯಾಟಿನ್ನು ನಿನಗೇ ಸರಿ,” ಎಂದು ಉಮ್ಸುನಾಯ್ ಸೊಂಟಕ್ಕೆ ಕೈಯೊತ್ತಿಕೊಂಡು ನಕ್ಕಳು. “ಎಡಗಡೆ ಸೊಂಟ ಅಂತ ಸರಿಯಾಗಿ ಹೇಳು, ಬಲಗಡೆದನ್ನ ಕುಯ್ದುಬಿಟ್ಟಾರು.” ಪಕ್ಕದ ಹೆಂಗಸರೂ ನಕ್ಕರು. ಅಕ್ಕ ಹೋದ ಕಡೆಯಲ್ಲೆಲ್ಲ ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು. ತಮ್ಮೂರು ಕರಕೋಲಿನ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಅರ್ಧ ಆಯುಷ್ಯ ಕಳೆದವಳು, ಮೇಷ್ಟ್ರುಗಳಿಂದ ಹಿಡಿದು ಸೌದೆ ತರುವವನವರೆಗೆ ಎಲ್ಲರನ್ನೂ ಗದರಿಸಿ, ಗದರಿಸಿದ ಮೇಲೆ ತಿನ್ನಿಸಿ ಕಳಿಸುವವಳು. ಜಿಪಾರ್ ಮಾತ್ರ ಆ ನಗು ಕೇಳಿದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು.

ಕೋಣೆಯಲ್ಲಿ ಯಾರೋ ಕೊಟ್ಟಿದ್ದ ಜರದಾಳು ಜಾಮಿನ ಬಾಟಲಿ ಮೇಜಿನ ಮೇಲಿತ್ತು. ಡಾಕ್ಟರ್ ಅದನ್ನು ಪಕ್ಕಕ್ಕೆ ಸರಿಸಿ, ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಆಚೆ ಹಳದಿಯಾಗುತ್ತಿದ್ದ ಪಾಪ್ಲರ್ ಮರಗಳು ಕಾಣುತ್ತಿದ್ದವು. ಅಕ್ಕನ ಸೊಂಟದ ಮೂಳೆಯೊಳಗಿಂದಲೇ ಕಾಣುತ್ತಿದ್ದವು. ಒಂದು ಮಚ್ಚೆ, ಅದರ ಮೇಲೆ ಇನ್ನೊಂದು, ಬೆನ್ನುಮೂಳೆಯ ಕೆಳಗೆ ಮತ್ತೊಂದು. “ವಾಪಸ್ ಬಂದಿದೆ,” ಎಂದರು ಡಾಕ್ಟರ್. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು, ಅದಕ್ಕೇ ಜಿಪಾರ್‌ಗೆ ಅವರ ಮುಖ ನೋಡಲಾಗಲಿಲ್ಲ. ಮೂಳೆ ಸವೆದಿರುತ್ತದೆ, ವಯಸ್ಸಾಯಿತಲ್ಲ, ದೊಡ್ಡ ದೊಡ್ಡ ಹಂಡೆ ಎತ್ತಿದ ಸೊಂಟವಲ್ಲವೇ ಎಂದು ಕರಕೋಲಿನಿಂದ ಹೊರಟ ಶೇರ್ ಟ್ಯಾಕ್ಸಿಯಲ್ಲಿ ಸರೋವರದ ಉದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಬೇರೆಯವರಿಗೆ ಸುಳ್ಳು ಹೇಳಿ ಹೇಳಿ ಪಳಗಿದ ನಾಲಿಗೆ ತನಗೂ ಹೇಳಲು ಶುರುಮಾಡಿತ್ತು. ಡಾಕ್ಟರ್ ಹಾಳೆ ಕೆಳಗಿಟ್ಟು ಕೇಳಿದರು: “ಮಾತ್ರೆ ತಪ್ಪದೆ ತಗೊಳ್ತಿದ್ದಾರೆ ತಾನೇ? ಈಗಲೂ?”

ನಾಲ್ಕು ವರ್ಷದ ಹಿಂದೆಯೂ ಇದೇ ಕೋಣೆ, ಇದೇ ಕುರ್ಚಿ. ಆಗ ಪಕ್ಕದಲ್ಲಿ ಅಣ್ಣ ತುರಾರ್ ಇದ್ದ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು. ಅಕ್ಕನ ಎಡ ಮೊಲೆ ತೆಗೆದು ವಾರವಾಗಿತ್ತು. ಡಾಕ್ಟರ್ ಕಾಗದದ ಮೇಲೆ ಮೂರು ದುಂಡನೆ ಗೆರೆ ಎಳೆದು ವಿವರಿಸಿದ್ದರು. “ಮೊಲೆಯ ಕ್ಯಾನ್ಸರ್ ಅಂದ್ರೆ ಒಂದೇ ಅಲ್ಲ. ಕೆಲವು ಗಂಟಿಗೆ ಹೆಣ್ಣಿನ ಹಾರ್ಮೋನೇ ಆಹಾರ. ಆ ಆಹಾರ ತಪ್ಪಿಸಿದ್ರೆ ತೆಪ್ಪಗಿರ್ತವೆ. ಕೆಲವಕ್ಕೆ ಮೈತುಂಬ ಒಂದು ಪ್ರೋಟೀನು, ಅವು ಹುಚ್ಚಾಪಟ್ಟೆ ಬೆಳೀತವೆ, ಆದ್ರೆ ಅವಕ್ಕೆ ಅಂತಾನೇ ಇಂಜೆಕ್ಷನ್ ಇದೆ. ಇನ್ನು ಕೆಲವಕ್ಕೆ ಇದ್ಯಾವುದೂ ಇಲ್ಲ, ಹಿಡಿಯೋಣ ಅಂದ್ರೆ ಹಿಡಿಕೇನೇ ಇಲ್ಲ. ಅವು ವಾಪಸ್ ಬರೋದಾದ್ರೆ ಬೇಗ ಬರ್ತವೆ, ಎರಡು ಮೂರು ವರ್ಷದಲ್ಲೇ. ಅಷ್ಟು ದಾಟಿಬಿಟ್ರೆ ಆಮೇಲೆ ಅಪರೂಪ. ನಿಮ್ಮಕ್ಕಂದು ಮೊದಲನೇದು, ಸಾಧು.” ಸಾಧು ಎಂಬ ಮಾತು ಕೇಳಿದ್ದೇ ತುರಾರ್ ಟೋಪಿ ತಲೆಗೇರಿಸಿಕೊಂಡುಬಿಟ್ಟಿದ್ದ. ಡಾಕ್ಟರ್ ಇನ್ನೂ ಮಾತಾಡುತ್ತಿದ್ದರು. ಸಾಧು ಅಂತ ಮೈಮರೆಯಬೇಡಿ, ಇದಕ್ಕೆ ತಾಳ್ಮೆ ಜಾಸ್ತಿ, ಹತ್ತು ಹದಿನೈದು ವರ್ಷ ಸುಮ್ಮನಿದ್ದೂ ಎದ್ದು ಬರಬಹುದು, ದಿನಕ್ಕೊಂದು ಮಾತ್ರೆ, ಐದು ವರ್ಷ, ತಪ್ಪಬಾರದು. ತುರಾರ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಜಿಪಾರ್ ಕೇಳಿಸಿಕೊಂಡಳು. ಅದೇ ಅವಳ ಪಾಪದ ಬುಡ, ಕೇಳಿಸಿಕೊಂಡವಳು ಅವಳೊಬ್ಬಳೇ.

ಹೊರಗೆ ಮೆಟ್ಟಿಲ ಮೇಲೆ ನಿಂತು ಅಣ್ಣ ಹೇಳಿದ್ದ, “ಅಕ್ಕಂಗೆ ಹೇಳೋದು ಬೇಡ. ಕೆಟ್ಟ ಕಾಯಿಲೆ ಅಂತ ಗೊತ್ತಾದ್ರೆ ಹೆದರಿಕೆಗೇ ಹೋಗಿಬಿಡ್ತಾಳೆ. ಅಮ್ಮಂಗೂ ನಾವು ಹೇಳಿದ್ವಾ? ಯಾರಾದ್ರೂ ಹೇಳ್ತಾರಾ?” ಯಾರೂ ಹೇಳುತ್ತಿರಲಿಲ್ಲ. ಅದು ಪ್ರೀತಿ. ಬೀದಿಯಲ್ಲಿ ಯಾರನ್ನು ಕೇಳಿದರೂ ಅದನ್ನು ಪ್ರೀತಿಯೆಂದೇ ಅನ್ನುತ್ತಿದ್ದರು. ಹಾಗಾಗಿ, ಗಂಟು ಕೆಟ್ಟದಾಗುವ ಮೊದಲೇ ತೆಗೆದುಬಿಟ್ಟರು ಎಂದು ಅಕ್ಕನಿಗೆ ಹೇಳಿದರು. ಮಾತ್ರೆಯನ್ನು ಏನೆಂದು ಕೊಡುವುದು ಎಂಬುದು ಜಿಪಾರ್‌ಳ ಪಾಲಿಗೆ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಮಾತ್ರೆಗಳನ್ನು ಒಂದೊಂದಾಗಿ ಒತ್ತಿ ತೆಗೆದು ವಿಟಮಿನ್ ಡಬ್ಬಿಗೆ ತುಂಬಿದಳು. ಚಂದವಾಗಿ ಮಾಡಿದಳು, ಡಬ್ಬಿಯ ಬಾಯಿಗೆ ಹತ್ತಿ ಸಹ ಇಟ್ಟಳು. ಒಂದು ಬಗೆಯ ಜಾಣತನದ ಖುಷಿಯೂ ಆಗಿತ್ತು ಆವತ್ತು, ಅದನ್ನು ನೆನೆದರೆ ಈಗ ಮೈಯೆಲ್ಲ ಮುದುಡುತ್ತದೆ.

ಆಮೇಲೆ ಹರಕೆಯ ಊಟ. ಆಪತ್ತು ಕಳೆಯಿತೆಂದು ತುರಾರ್ ಕುರಿ ಕಡಿಸಿದ. ಅಂಗಳದ ಸೇಬಿನ ಮರಗಳ ಕೆಳಗೆ ಬೀದಿಗೆ ಬೀದಿಯೇ ಕೂತಿತ್ತು. ಹಿರಿಯರು ಎರಡೂ ಕೈ ಬಿಚ್ಚಿ ಪ್ರಾರ್ಥಿಸಿ ಮುಖ ಸವರಿಕೊಂಡರು, ಎಲ್ಲರೂ ಸವರಿಕೊಂಡರು, ಮತ್ತು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳೊಬ್ಬಳೇ ಹಾಲು ಬೆರೆಸಿದ ಚಹಾ ಬಗ್ಗಿಸುತ್ತ ಓಡಾಡುತ್ತಿದ್ದಳು, ಬಟ್ಟೆಯೊಳಗೆ ಎಡಗಡೆ ಉಣ್ಣೆ ತುರುಕಿಕೊಂಡು, “ಒಂದು ಕಡೆ ದೇವರು ಕೊಟ್ಟಿದ್ದು, ಒಂದು ಕಡೆ ಕುರಿ ಕೊಟ್ಟಿದ್ದು” ಎಂದು ಹೆಂಗಸರನ್ನು ನಗಿಸುತ್ತ. ಹೆಂಗಸರು ಒಂದಿಷ್ಟು ಜಾಸ್ತಿಯೇ ನಗುತ್ತಿದ್ದರು. ಜಿಪಾರ್ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದಳು. ಸುಮ್ಮನೆ ನೋಡಿದ್ದಳು.

ಆಗ ಅಕ್ಕನಿದ್ದ ವಾರ್ಡಿನಲ್ಲೇ, ಪಕ್ಕದ ಮಂಚದಲ್ಲಿ, ಮಾಯ್ಮುನ ಎಂಬ ದುಂಗಾನ್ ಜನಾಂಗದ ಹೆಂಗಸು ಮಲಗಿದ್ದಳು. ಅವಳೂ ಕರಕೋಲಿನವಳೇ, ಪೇಟೆಯಲ್ಲಿ ಖಾರದ ತಣ್ಣನೆ ಶಾವಿಗೆ ಮಾರುವವಳು. ಅವಳದು ಹಿಡಿಕೆಯಿಲ್ಲದ ಜಾತಿಯ ಗಂಟು. ನರ್ಸುಗಳು ಅವಳ ಮಂಚದ ಹತ್ತಿರ ಬಂದರೆ ದನಿ ತಗ್ಗಿಸುತ್ತಿದ್ದರು. ಅವಳ ಕಡೆಯವರೆಂದು ಯಾರೂ ಬಂದಿರಲಿಲ್ಲ, ಹಾಗಾಗಿ ಡಾಕ್ಟರ್ ಎಲ್ಲವನ್ನೂ ಅವಳಿಗೇ ಹೇಳಬೇಕಾಯಿತು. ಪಾಪ, ಹೇಳಿಸಿಕೊಳ್ಳಲಿಕ್ಕೂ ಯಾರಿಲ್ಲ ಎಂದು ಜಿಪಾರ್ ಮರುಗಿದ್ದಳು. ಕೂದಲುದುರಿ, ವಾಂತಿ ಮಾಡಿ ಮಾಡಿ, ಡ್ರಿಪ್ಪಿನಲ್ಲಿ ಬಿಟ್ಟ ಔಷಧಿಯನ್ನೆಲ್ಲ ತಾಳಿಕೊಂಡು, ಈಗ ಅವಳು ದಿನವೂ ಪೇಟೆಯಲ್ಲಿ ಕೂತಿರುತ್ತಾಳೆ. ಅಂಗಡಿಗೆ ಬಂದಾಗಲೆಲ್ಲ, “ಮೂರು ವರ್ಷ ದಾಟಿದ್ರೆ ಬಚಾವ್ ಅಂದಿದ್ರು, ದಾಟಿದೆ ನೋಡು, ನಾಲ್ಕೂ ಆಯ್ತು,” ಎಂದು ಗಲ್ಲಾದ ಮೇಲೆ ಗುದ್ದುತ್ತಾಳೆ. ಜಿಪಾರ್ ನಗುತ್ತಾಳೆ, ಚಿಲ್ಲರೆ ಕೊಡುತ್ತಾಳೆ, ಮತ್ತು ಒಳಗೊಳಗೇ ಅವಳ ಮೇಲೆ ಉರಿದುಕೊಳ್ಳುತ್ತಾಳೆ. ಬದುಕಿದವಳನ್ನು ಕಂಡು ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳಾದೆನೇ ಎಂದು ರಾತ್ರಿಗಳಲ್ಲಿ ಕೇಳಿಕೊಂಡದ್ದುಂಟು. ಹೌದು, ಆಗಿದ್ದಳು.

ಹೊಟ್ಟೆಕಿಚ್ಚಿಗೆ ಕಾರಣವೂ ಇತ್ತು. ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಕೆರಿಮ್‌ಬುಬು ಅಜ್ಜಿ ಬೇಲಿಯ ಆಚೆಯಿಂದ ಕೂಗಿದ್ದಳು: “ನಿನ್ನ ವಿಟಮಿನ್ನು ಬಹಳ ಒಳ್ಳೇದು ಕಣಮ್ಮ, ಮಂಡಿ ಹಗುರ ಆಗಿದೆ.” ಜಿಪಾರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬೋಗುಣಿ ಕೆಳಗಿಡಬೇಕಾಯಿತು. ಅಕ್ಕ ಒಲೆಯ ಮುಂದೆ ಕೂತು ಹಿಟ್ಟು ನಾದುತ್ತ, “ಅದನ್ನ ನುಂಗಿದ್ರೆ ಸ್ನಾನದ ಮನೆ ಹಬೇಲಿ ಕೂತಂಗೆ ಆಗ್ತಿತ್ತು ಮಾರಾಯ್ತಿ. ಹಾಸಿಗೆ ಎಲ್ಲಾ ಬೆವರು. ವರ್ಷ ಒಂದೂವರೆ ವರ್ಷ ತಡ್ಕೊಂಡೆ. ಆಮೇಲೆ ಆ ಮುದುಕೀಗೆ ಕೊಟ್ಟೆ. ನನಗ್ಯಾಕೆ ಶಕ್ತಿ? ಇರೋ ಶಕ್ತೀನೇ ಜಾಸ್ತಿಯಾಗಿದೆ. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಲಿಲ್ಲ,” ಎಂದು ನಕ್ಕಿದ್ದಳು. ಆಗ ಹೇಳಬೇಕಿತ್ತು. ಹಿಟ್ಟಿನ ಕೈಯನ್ನು ಹಿಡಿದು, ಅದು ವಿಟಮಿನ್ ಅಲ್ಲ ಎಜೆ ಎಂದು ಒಂದು ಮಾತು. ಅಕ್ಕನನ್ನು ಎಜೆ ಎಂದು ಕರೆಯಲು ಕಲಿತ ಬಾಯಿಗೆ ಅಷ್ಟು ಬರಲಿಲ್ಲವೇ? ಬರಲಿಲ್ಲ. ಒಂದು ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು, ಹರಕೆಯ ಊಟವನ್ನೂ. “ಬೇರೆಯವರಿಗೆಲ್ಲ ಕೊಡಬಾರದು ಎಜೆ, ನೀವೇ ತಗೊಳ್ಳಿ,” ಎಂದಷ್ಟೇ ಗದರಿ, ಕೆರಿಮ್‌ಬುಬುಗೆ ನಿಜವಾದ ವಿಟಮಿನ್ ಕೊಟ್ಟು, ಅಕ್ಕನಿಗೆ ಹೊಸ ಡಬ್ಬಿ ಕೊಟ್ಟು ಬಂದಿದ್ದಳು. ಆ ಡಬ್ಬಿ ಮುಂದಿನ ಸಲ ಹೋದಾಗಲೂ ಕಿಟಕಿಯ ಮೇಲೆ ತುಂಬಿದ ಹಾಗೇ ಇತ್ತು. ಅದನ್ನು ನೋಡಿ, ನೋಡದವಳಂತೆ ಚಹಾ ಕುಡಿದಿದ್ದಳು.

“ತಗೊಳ್ತಿದ್ದಾರೆ,” ಎಂದಳು ಜಿಪಾರ್, ಉತ್ತರಕ್ಕೆ ಕಾಯುತ್ತಿದ್ದ ಡಾಕ್ಟರಿಗೆ.

ಹೇಳಿದ್ದು ತಾನೇ ಹೌದೋ ಅಲ್ಲವೋ ಎಂಬಂತೆ ಅವಳ ಕಿವಿ ಕೇಳಿಸಿಕೊಂಡಿತು. ಔಷಧಿ ಅಂಗಡಿಯವಳಾಗಿಯೂ ಮಾತ್ರೆ ನುಂಗಿಸಲಾಗಲಿಲ್ಲ ಎಂದು ಈ ಮನುಷ್ಯ ಅಂದುಕೊಳ್ಳಬಾರದು, ಅಷ್ಟೇ. ಆ ಕ್ಷಣ ಬೇರೇನೂ ಇರಲಿಲ್ಲ ಮನಸ್ಸಿನಲ್ಲಿ. ಡಾಕ್ಟರ್ ತಲೆಯಲ್ಲಾಡಿಸಿದರು. “ಹಾಗಾದ್ರೆ ಕಷ್ಟ. ಮಾತ್ರೆ ತಗೊಳ್ತಿರುವಾಗಲೇ ಬಂದಿದೆ ಅಂದ್ರೆ, ಆ ಮದ್ದಿಗೆ ಇದು ಬಗ್ಗೋದಿಲ್ಲ ಅಂತ. ಸಾಧು ಅಂದಿದ್ದೆ, ಸಾಧು ಅಲ್ಲ ಇದು. ಮಾತ್ರೆಯ ದಾರಿ ಬಿಟ್ಟು ಡ್ರಿಪ್ಪಿಗೇ ಹೋಗೋಣ. ಸೋಮವಾರ ಸೇರಿಸಿ. ಆ ಔಷಧಿ ತಾಳೋಕೆ ಅವರ ಹೃದಯ ಅಷ್ಟು ಗಟ್ಟಿ ಇಲ್ಲ, ನನಗೂ ಅದೇ ಯೋಚನೆ. ಆದ್ರೆ ಬೇರೆ ದಾರಿ ಕಾಣ್ತಿಲ್ಲ.” ಜಿಪಾರ್ ಧನ್ಯವಾದ ಹೇಳಿದಳು. ಧನ್ಯವಾದ ಹೇಳಿ, ಕುರ್ಚಿಯನ್ನು ಒಳಗೆ ತಳ್ಳಿ, ಹೊರಗೆ ಬಂದಳು.

ಉಮ್ಸುನಾಯ್ ಪಕ್ಕದ ಹೆಂಗಸಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು. “ಏನಂತೆ?” ಎಂದಳು, ಅಗಿಯುತ್ತಲೇ. “ಮೂಳೆ ಸವೆದಿದೆಯಂತೆ,” ಎಂದಿತು ಜಿಪಾರ್‌ಳ ಬಾಯಿ, ಕೇಳುವುದನ್ನೇ ಕಾಯುತ್ತಿತ್ತೆಂಬಂತೆ. “ನಾನು ಹೇಳಲಿಲ್ವಾ? ಹಂಡೆ ಎತ್ತಿ ಎತ್ತಿ,” ಎಂದು ಅಕ್ಕ ಪಕ್ಕದವಳ ಕಡೆ ತಿರುಗಿದಳು. “ಬರ್ತೀನಮ್ಮ. ನಿಮ್ಮದೂ ಬೇಗ ವಾಸಿಯಾಗ್ಲಿ. ನನಗೆ ಪುಣ್ಯಕ್ಕೆ ಕೆಟ್ಟದ್ದೇನೂ ಇಲ್ಲ.” ಆ ಹೆಂಗಸು ಜಿಪಾರ್‌ಳ ಮುಖವನ್ನೊಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಅವಳಿಗೆ ಅರ್ಥವಾಗಿತ್ತು. ಈ ಹಾದಿಯಲ್ಲಿ ಪರಿಚಯವಿಲ್ಲದವರಿಗೂ ಎಲ್ಲ ಅರ್ಥವಾಗುತ್ತಿತ್ತು.

ಅಂಗಳದಲ್ಲಿ ಬೆಂಚಿನ ಮೇಲೆ ಕೂತು ಗೇಟಿನ ಪಕ್ಕದ ತಂದೂರಿನ, ಮಾಂಸ ತುಂಬಿದ ಬಿಸಿ ಸಮ್ಸಾ ತಿಂದರು. ತಿಂದದ್ದು ಉಮ್ಸುನಾಯ್, ಜಿಪಾರ್ ಕೈಯಲ್ಲಿ ಹಿಡಿದುಕೊಂಡಿದ್ದಳು, ಕೊಬ್ಬು ಬೆರಳಿನ ಸಂದಿಯಲ್ಲಿ ಇಳಿದು ಹೆಪ್ಪುಗಟ್ಟುತ್ತಿತ್ತು. ಒಂದು ಸುಳ್ಳು ಹೊರಗೆ, ಒಂದು ಸುಳ್ಳು ಒಳಗೆ, ಎರಡರ ನಡುವೆ ಅಕ್ಕನ ಹೃದಯ. ಮಾತ್ರೆಗೆ ಬಗ್ಗಲಿಲ್ಲವೆಂದರು ಡಾಕ್ಟರ್. ಬಗ್ಗಿಸಲು ಮಾತ್ರೆ ಹೊಟ್ಟೆಗೆ ಹೋಗಿದ್ದರಲ್ಲವೇ? ಆ ದಾರಿ ತಾನಾಗಿ ಮುಚ್ಚಿಲ್ಲ, ಮುಚ್ಚಿದವಳು ನಾನು, ಈಗಷ್ಟೇ, ಒಂದೇ ಒಂದು ಮಾತಿನಿಂದ. ವಾಪಸ್ ಹೋಗಿ ಡಾಕ್ಟರಿಗೊಬ್ಬರಿಗೇ ಹೇಳಿದರೆ? ಹೇಳಬಹುದು. ಅಕ್ಕನಿಗೆ ಮತ್ತೆ ಇನ್ನೊಂದು ಹೆಸರಿನ ಡಬ್ಬಿ ಕೊಡಬಹುದು, ಮೂಳೆಯ ಪುಡಿಯೆಂದು. ಮತ್ತೆ ಅವಳು ಅದನ್ನು ಯಾವ ಮುದುಕಿಗೆ ಕೊಡುತ್ತಾಳೋ.

“ಆರು ಗಂಟೆ ಟ್ಯಾಕ್ಸಿ ಸಿಕ್ಕಿದ್ರೆ ನಾಳೆ ಬೆಳಗ್ಗೆ ಕ್ಯಾರೆಟ್ ಹೆಚ್ಚೋಕೆ ಹೋಗಬಹುದು. ಆ ಹುಡುಗೀರು ಸಿಪ್ಪೆ ಸಮೇತ ಹಾಕ್ತಾವೆ,” ಎಂದಳು ಉಮ್ಸುನಾಯ್.

“ಎಜೆ, ಸೋಮವಾರ ಇಲ್ಲಿ ಸೇರಿಸಬೇಕಂತೆ.”

“ಮೂಳೆ ಸವೆದಿದ್ದಕ್ಕಾ?”

ಜಿಪಾರ್ ಸಮ್ಸಾವನ್ನು ಕಾಗದದ ಮೇಲಿಟ್ಟಳು. “ಮೂಳೆ ಸವೆದಿಲ್ಲ. ಆವಾಗ ತೆಗೆದ ಗಂಟು ಕೆಟ್ಟದ್ದೇ ಆಗಿತ್ತು. ಆಗೋ ಮೊದಲು ತೆಗೆದಿದ್ದಲ್ಲ. ಈಗ ಅದೇ ಮೂಳೇಲಿ ಬಂದಿದೆ.” ಉಮ್ಸುನಾಯ್ ಅಗಿಯುವುದನ್ನು ನಿಲ್ಲಿಸಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿದ ಮೇಲೆಯೇ ತಿರುಗಿದಳು. ನಿಲ್ಲಿಸಿದರೆ ಮತ್ತೆ ಮಾತು ಬಾರದೆಂದು ಜಿಪಾರ್ ಒಂದೇ ಉಸಿರಿನಲ್ಲಿ ಹೇಳುತ್ತ ಹೋದಳು: ಅದು ವಿಟಮಿನ್ ಅಲ್ಲ, ಆ ಗಂಟಿಗೆ ಆಹಾರ ಸಿಗದ ಹಾಗೆ ಮಾಡೋ ಮದ್ದು, ಬೆವರು ಬರ್ತಿದ್ದದ್ದು ಅದಕ್ಕೇ, ನೀವು ಬಿಟ್ಟದ್ದು ನನಗೆ ಗೊತ್ತಾಯಿತು, ಗೊತ್ತಾಗಿಯೂ ಹೇಳಲಿಲ್ಲ, ಈಗ ಡಾಕ್ಟರ್ ಕೇಳಿದರೆ ತಗೊಳ್ತಿದ್ದಾರೆ ಅಂದೆ.

“ಕೆರಿಮ್‌ಬುಬುಗೆ ಏನಾದ್ರೂ ಆಗುತ್ತಾ?” ಎಂದಳು ಉಮ್ಸುನಾಯ್.

“ಇಲ್ಲ. ಅವತ್ತೇ ಬಿಡಿಸಿದೆ.”

“ಆ ಮುದುಕೀಗೆ ಬಿಡಿಸಿದೆ.” ಅಕ್ಕ ಕೈಯೊರೆಸಿಕೊಂಡಳು, ಒಂದೊಂದೇ ಬೆರಳು. ಗೇಟಿನ ಬಳಿ ಯಾರೋ ಟ್ಯಾಕ್ಸಿಗೆ ಜನ ಕೂಗುತ್ತಿದ್ದರು. “ಯಾರ್ಯಾರಿಗೆ ಗೊತ್ತಿತ್ತು? ತುರಾರ್‌ಗೆ?”

“ಹೂಂ.”

“ಅವನ ಹೆಂಡತೀಗೆ? ಬೀದಿಯವರಿಗೆ?”

“ಹೂಂ, ಎಜೆ.”

“ನನ್ನ ಅಡುಗೆಮನೆ ಹುಡುಗೀರಿಗೂ?”

ಜಿಪಾರ್ ಹೌದೆಂದು ತಲೆಯಾಡಿಸಿದಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದಳು. ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಆ ಹಗುರವನ್ನೇ ಅವಳು ಬೇಡುತ್ತಿದ್ದಳು. ಉಮ್ಸುನಾಯ್ ಪಾಪ್ಲರ್ ಮರಗಳ ಕಡೆ ನೋಡುತ್ತ, ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿದಳು: “ಅದಕ್ಕೇ ಈ ನಾಲ್ಕು ವರ್ಷ ಯಾರೂ ನನ್ನ ಜೊತೆ ಜಗಳ ಆಡಿಲ್ಲ. ಉಪ್ಪು ಜಾಸ್ತಿಯಾದ್ರೂ ಚೆನ್ನಾಗಿದೆ ಅಂದ್ರು. ವಯಸ್ಸಾಯ್ತು, ಮರ್ಯಾದೆ ಕೊಡ್ತಾರೆ ಅಂದ್ಕೊಂಡಿದ್ದೆ ಕಣೇ.” ಮುಖ ಕೆಂಪಗಾಗಿತ್ತು, ಕುತ್ತಿಗೆಯವರೆಗೂ. ಅದು ಸಾವಿನ ಹೆದರಿಕೆಯಲ್ಲ, ನಾಚಿಕೆ ಎಂದು ಜಿಪಾರ್‌ಗೆ ತಿಳಿಯಿತು. ಹೆದರುತ್ತಾಳೆಂದು ಮುಚ್ಚಿಟ್ಟರು; ನಾಚುತ್ತಾಳೆಂದು ಯಾರೂ ಯೋಚಿಸಿರಲಿಲ್ಲ.

ಉಮ್ಸುನಾಯ್ ಸೊಂಟ ಹಿಡಿದುಕೊಂಡು ಎದ್ದಳು, ತಲೆಯ ವಸ್ತ್ರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು, ಮತ್ತು ಗೇಟಿನ ಕಡೆಗಲ್ಲ, ಆಸ್ಪತ್ರೆಯ ಮೆಟ್ಟಿಲ ಕಡೆಗೆ ನಡೆದಳು. ಜಿಪಾರ್ ಎರಡೂ ಚೀಲ ಎತ್ತಿಕೊಂಡು ಹಿಂದೆ ಓಡಿದಳು. ಹಾದಿಯ ಹೆಂಗಸರು ತಲೆಯೆತ್ತಿ ನೋಡಿದರು. ಉಮ್ಸುನಾಯ್ ಬಾಗಿಲು ಬಡಿದು, ಉತ್ತರಕ್ಕೆ ಕಾಯದೆ ತಳ್ಳಿದಳು. “ಡಾಕ್ಟ್ರೇ, ಉಮ್ಸುನಾಯ್ ಕಡೆಯವರನ್ನ ಕರೆದಿದ್ರಲ್ಲ, ನಾನು ಉಮ್ಸುನಾಯ್.” ಜಿಪಾರ್ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅಕ್ಕ ತಿರುಗಿ ಅವಳ ಎದೆಯ ಮೇಲೆ ಅಂಗೈಯಿಟ್ಟಳು, ಮೆತ್ತಗೆ, ಅಡುಗೆಮನೆಯೊಳಗೆ ನುಗ್ಗುವ ಮಕ್ಕಳನ್ನು ತಡೆಯುವ ಹಾಗೆ. “ನೀನು ಕೂತ್ಕೋ.” ಬಾಗಿಲು ಮುಚ್ಚಿತು.

ಜಿಪಾರ್ ಬೆಂಚಿನ ಮೇಲೆ ಕೂತಳು. ಒಳಗೆ ಡಾಕ್ಟರ ದನಿ ಒಮ್ಮೆ ಏರಿತು, “ತಗೊಂಡೇ ಇಲ್ವಾ?” ಎಂದದ್ದು ಸ್ಪಷ್ಟವಾಗಿ ಕೇಳಿಸಿತು, ಆಮೇಲೆ ತಗ್ಗಿತು. ಈಗ ಆ ಮನುಷ್ಯನಿಗೂ ತಾನು ಎಂಥವಳೆಂದು ಗೊತ್ತಾಯಿತು ಎಂಬುದೇ ಮೊದಲು ತಲೆಗೆ ಬಂದದ್ದು. ಅಕ್ಕನ ಹೃದಯ ಉಳಿಯಬಹುದು, ಮಾತ್ರೆಯ ದಾರಿ ಮತ್ತೆ ತೆರೆಯಬಹುದು ಎಂಬುದು ಆಮೇಲೆ ಬಂತು. ಅಷ್ಟು ತಡವಾಗಿ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಿವಿಗೊಟ್ಟಳು. ಅಕ್ಕ ಏನೋ ಕೇಳುತ್ತಿದ್ದಳು, ಡಾಕ್ಟರ್ ಏನೋ ಹೇಳುತ್ತಿದ್ದರು, ಮತ್ತೆ ಅಕ್ಕ ಕೇಳುತ್ತಿದ್ದಳು, ಮಾರುಕಟ್ಟೆಯಲ್ಲಿ ಮಾಂಸ ಆರಿಸುವಾಗಿನ ದನಿಯಲ್ಲಿ, ಅವಸರವಿಲ್ಲದೆ. ಮಾತು ಮಾತ್ರ ಒಂದೂ ತಿಳಿಯಲಿಲ್ಲ. ಪಕ್ಕದಲ್ಲಿ ಹೊಸದಾಗಿ ಬಂದು ಕೂತ ಒಬ್ಬಳು ಜಿಪಾರ್‌ಳ ತೊಡೆಯ ಮೇಲಿನ ಚೀಲಗಳನ್ನೂ ಮುಖವನ್ನೂ ನೋಡಿ, “ಒಳಗೆ ಹೋಗಿರೋದು ನಿಮ್ಮಕ್ಕನಾ? ಏನಿರಲ್ಲ ಬಿಡಿ, ಧೈರ್ಯವಾಗಿರಿ. ಈಗೆಲ್ಲಾ ಒಳ್ಳೆ ಔಷಧಿ ಬಂದಿದೆ,” ಎಂದು ಮೊಣಕೈ ತಟ್ಟಿದಳು. ಜಿಪಾರ್‌ಳನ್ನೇ ಕಾಯಿಲೆಯವಳೆಂದುಕೊಂಡಿದ್ದಳು ಅವಳು. ಜಿಪಾರ್ ಚೀಲಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಉಮ್ಸುನಾಯ್‌ಳ ಕಣ್ಣುಗಳು ಕೆಂಪಗಿದ್ದವು, ಒರೆಸಿಕೊಂಡಿದ್ದಳು. ಕೈಯಲ್ಲಿ ಮಡಿಸಿದ ಔಷಧಿ ಚೀಟಿಯಿತ್ತು. ಅದನ್ನು ಅವಳು ತಂಗಿಗೆ ಕೊಡಲಿಲ್ಲ, ಬಟ್ಟೆಯೊಳಗೆ ಸೇರಿಸಿಕೊಂಡಳು. ಜಿಪಾರ್ ಎದ್ದು ನಿಂತಳು. ಮಾತ್ರೆಯೋ ಡ್ರಿಪ್ಪೋ, ಸೋಮವಾರ ಸೇರಬೇಕೋ ಬೇಡವೋ, ಎಷ್ಟು ವರ್ಷವೋ, ಎಲ್ಲವೂ ಒಟ್ಟಿಗೇ ಬಂದು ಒಂದೇ ಪ್ರಶ್ನೆಯಾಯಿತು.

“ಎಜೆ, ಡಾಕ್ಟರ್ ಏನಂದ್ರು?”

ಉಮ್ಸುನಾಯ್ ತನ್ನ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು.

“ನನಗೆ ಹೇಳಿದ್ರು,” ಎಂದಳು. ಕಟಾಂಜನ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದಳು, ಮೊದಲು ನೋಯದ ಕಾಲು, ಆಮೇಲೆ ನೋಯುವ ಕಾಲು.